ಅಪವಾದವೂ ಆರೋಪವೂ

ಭಾದ್ರಪದ ಶುದ್ಧ ಚೌತಿಯ ದಿನ ಗಣಪತಿಯ ಪೂಜೆ ಮುಗಿದ ಮೇಲೆ ಸ್ಯಮಂತಕ ಮಣಿಯ ಕಥೆಯನ್ನು ಓದಿಸುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಉಂಟು. ಅಂದು ಚಂದ್ರನನ್ನು ನೋಡಿದವರಿಗೆ ಸುಳ್ಳು ಅಪವಾದ ಬರುವುದೆಂದೂ, ಈ ಕಥೆಯನ್ನು ಕೇಳಿದರೆ ಆ ದೋಷ ಪರಿಹಾರವಾಗುವುದೆಂದೂ ಹಿರಿಯರು ಹೇಳುತ್ತಾರೆ. ಕೈಯಲ್ಲಿ ಅಕ್ಷತೆ ಹಿಡಿದುಕೊಂಡು, ಕಡುಬಿನ ತಟ್ಟೆಯ ಕಡೆಗೆ ಕಣ್ಣಿಟ್ಟು, ಕಥೆಯನ್ನು ಅರ್ಧಂಬರ್ಧ ಕೇಳಿದ ಬಾಲಕ ಬಾಲಕಿಯರು ಎಲ್ಲ ಮನೆಗಳಲ್ಲಿಯೂ ಇದ್ದೇ ಇರುವರು. ಈಗ ಅದನ್ನು ಬೇರೊಂದು ದೃಷ್ಟಿಯಿಂದ ನೋಡೋಣ. ಒಬ್ಬನ ಮೇಲೆ ಗುಮಾನಿ ಹುಟ್ಟುವುದು ಹೇಗೆ, ಅದು ಊರೆಲ್ಲ ಹರಡುವುದು ಹೇಗೆ, ಅದರಿಂದ ಬಿಡುಗಡೆ ಹೊಂದುವುದು ಎಷ್ಟು ಕಷ್ಟ ಎಂಬುದಕ್ಕೆ ಭಾಗವತದ ಈ ಪ್ರಸಂಗಕ್ಕಿಂತ ಒಳ್ಳೆಯ ಪಾಠ ದೊರೆಯುವುದು ದುರ್ಲಭ.

ಸತ್ರಾಜಿತನಿಗೆ ಸೂರ್ಯನಿಂದ ದೊರೆತ ಮಣಿಯನ್ನು ಉಗ್ರಸೇನ ಮಹಾರಾಜನಿಗೆ ಕೊಡೆಂದು ಶ್ರೀಕೃಷ್ಣನು ಒಮ್ಮೆ ಕೇಳಿದ್ದನು, ಸತ್ರಾಜಿತನು ಕೊಡಲಿಲ್ಲ. ಬಳಿಕ ಅವನ ತಮ್ಮನಾದ ಪ್ರಸೇನನು ಆ ಮಣಿಯನ್ನು ಕೊರಳಿಗೆ ಕಟ್ಟಿಕೊಂಡು ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಮಣಿಯನ್ನು ಕೇಳಿದ್ದವನು ಕೃಷ್ಣ; ಆದುದರಿಂದ ತಮ್ಮನನ್ನು ಕೊಂದವನೂ ಕೃಷ್ಣನೇ ಇರಬೇಕೆಂದು ಸತ್ರಾಜಿತನು ಆಡಿಬಿಟ್ಟನು. ಆ ಮಾತು ಕಿವಿಯಿಂದ ಕಿವಿಗೆ ಹರಿದು ದ್ವಾರಕೆಯನ್ನೆಲ್ಲ ತುಂಬಿತು. ಸತ್ರಾಜಿತನು ಅರಸನ ಬಳಿಗೆ ಹೋಗಿ ದೂರು ಕೊಟ್ಟನೆಂದಾಗಲಿ, ಕಾಡಿಗೆ ಆಳು ಕಳುಹಿಸಿ ಹುಡುಕಿಸಿದನೆಂದಾಗಲಿ ಕಥೆಯಲ್ಲಿಲ್ಲ. ಅವನ ಗುಮಾನಿಗೆ ಕಾರಣವಿತ್ತು, ಆಧಾರವಿರಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೃಷ್ಣನು ಏನು ಮಾಡಿದನು? ಊರಿನ ಜನರನ್ನೇ ಜೊತೆಗೆ ಕರೆದುಕೊಂಡು ಪ್ರಸೇನನು ಹೋದ ದಾರಿಯಲ್ಲಿ ಹೆಜ್ಜೆ ಹಿಡಿದು ಹೋದನು. ಸಿಂಹದಿಂದ ಹತನಾದ ಪ್ರಸೇನನನ್ನೂ ಅವನ ಕುದುರೆಯನ್ನೂ ಜನರು ಕಣ್ಣಾರೆ ಕಂಡರು. ಮುಂದೆ ಕರಡಿಯಿಂದ ಸತ್ತ ಸಿಂಹವನ್ನೂ ಕಂಡರು. ಜಾಂಬವಂತನ ಗುಹೆಯಿಂದ ಮಣಿಯನ್ನು ತಂದ ಮೇಲೆ ಕೃಷ್ಣನು ಅದನ್ನು ಗುಟ್ಟಾಗಿ ಸತ್ರಾಜಿತನ ಮನೆಗೆ ತಲುಪಿಸಲಿಲ್ಲ. ಅವನನ್ನು ರಾಜಸಭೆಗೆ ಕರೆಯಿಸಿ, ಅರಸನ ಎದುರಿನಲ್ಲಿ ನಡೆದ ಸಂಗತಿಯನ್ನೆಲ್ಲ ಹೇಳಿ, ಅಲ್ಲಿಯೇ ಒಪ್ಪಿಸಿದನು. ಅಪವಾದವು ಬಹಿರಂಗವಾಗಿ ಬಂದುದರಿಂದ ಅದರ ನಿವಾರಣೆಯೂ ಬಹಿರಂಗವಾಗಿಯೇ ಆಗಬೇಕೆಂಬುದು ಅವನ ಅಭಿಪ್ರಾಯವಾಗಿದ್ದಿರಬೇಕು. ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಅದೇ ಮಣಿ ಮತ್ತೊಮ್ಮೆ ಕಾಣೆಯಾದಾಗ ಸ್ವಂತ ಅಣ್ಣನಾದ ಬಲರಾಮನೇ ತನ್ನನ್ನು ಪೂರ್ಣವಾಗಿ ನಂಬುತ್ತಿಲ್ಲವೆಂದು ಕೃಷ್ಣನು ಹೇಳಬೇಕಾಗಿ ಬಂದಿತು. ಒಮ್ಮೆ ತೊಳೆದುಹೋದ ಕಲೆಯ ಮೇಲೆಯೇ ಎರಡನೆಯ ಗುಮಾನಿ ಬಂದು ಕುಳಿತುಕೊಳ್ಳುತ್ತದೆ.

ದ್ವಾರಕೆಯಲ್ಲಿ ಪತ್ರಿಕೆಯಿರಲಿಲ್ಲ, ದೂರದರ್ಶನವಿರಲಿಲ್ಲ, ಕೈಯಲ್ಲಿ ಹಿಡಿಯುವ ಫೋನಿರಲಿಲ್ಲ. ಇಂದು ಇವೆಲ್ಲವೂ ಇವೆ. ಹೀಗಿರಲಾಗಿ, ಪೋಲೀಸರು ಒಬ್ಬನನ್ನು ಸಂದೇಹದ ಮೇಲೆ ಹಿಡಿದೊಡನೆಯೇ, ಅವನ ಮೇಲೆ ನ್ಯಾಯಾಲಯದಲ್ಲಿ ಆರೋಪ ಸಲ್ಲಿಕೆಯಾಗುವುದಕ್ಕೆ ಮೊದಲೇ, ಅವನ ಹೆಸರನ್ನೂ ಭಾವಚಿತ್ರವನ್ನೂ ಲೋಕಕ್ಕೆ ಸಾರುವುದು ಧರ್ಮವೇ ಎಂಬ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಕೆಲವು ಮಾತುಗಳ ಅರ್ಥವನ್ನು ತಿಳಿಯೋಣ. ಯಾರ ಮೇಲೆ ಸಂದೇಹವಿದೆಯೋ ಅವನು ಶಂಕಿತ. ಯಾರ ಮೇಲೆ ದೂರು ಅಥವಾ ಆರೋಪ ಬಂದಿದೆಯೋ ಅವನನ್ನು ಆಪಾದಿತನೆಂದೋ ಆರೋಪಿಯೆಂದೋ ಕರೆಯುತ್ತೇವೆ. ವಿಚಾರಣೆ ನಡೆದು, ಸಾಕ್ಷ್ಯ ಪರೀಕ್ಷೆಯಾಗಿ, ನ್ಯಾಯಾಧೀಶರು ತೀರ್ಪು ಕೊಟ್ಟ ಮೇಲೆ ಮಾತ್ರ ಅಪರಾಧಿ. ನಮ್ಮ ಸೆಟ್ಟೂರು, ಕಲ್ಯಾಣದುರ್ಗ, ಹಿಂದೂಪುರದ ಕಡೆಯ ಮಕ್ಕಳಿಗೆ ಎರಡು ಭಾಷೆಗಳ ಪರಿಚಯವಿರುವುದು ಒಂದು ಭಾಗ್ಯ. ಅದರಿಂದ ಈ ವಿಷಯದಲ್ಲಿ ಒಂದು ಸೂಕ್ಷ್ಮವೂ ಗೋಚರಿಸುತ್ತದೆ. ಕನ್ನಡ ಪತ್ರಿಕೆ ಆರೋಪಿಯೆಂದು ಬರೆಯುವಲ್ಲಿ ತೆಲುಗು ಪತ್ರಿಕೆ ‘ನಿಂದಿತುಡು’ ಎಂದು ಬರೆಯುತ್ತದೆ. ತೆಲುಗಿನವರಿಗೆ ಅದು ಕಾನೂನಿನ ಸಾಮಾನ್ಯ ಶಬ್ದ. ಕನ್ನಡದ ಕಿವಿಗೆ ಮಾತ್ರ ಅದರಲ್ಲಿ ನಿಂದೆ ಕೇಳಿಸುತ್ತದೆ. ಹೆಸರು ಪತ್ರಿಕೆಯಲ್ಲಿ ಬಂದವನ ಮನೆಯವರಿಗೆ, ಅವರು ಯಾವ ಭಾಷೆಯವರೇ ಆಗಲಿ, ಕೇಳಿಸುವುದೂ ಅದೇ.

ಇನ್ನು ಕಾನೂನಿನ ಮೆಟ್ಟಿಲುಗಳು. ಯಾರಾದರೂ ದೂರು ಕೊಟ್ಟಾಗ ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಾಗುತ್ತದೆ. ಅದು ಫಿರ್ಯಾದುದಾರನು ಹೇಳಿದ ಮಾತು, ಪರೀಕ್ಷಿಸಿದ ಸತ್ಯವಲ್ಲ. ಬಳಿಕ ತನಿಖೆ ನಡೆಯುತ್ತದೆ, ಅಗತ್ಯವಿದ್ದರೆ ದಸ್ತಗಿರಿಯಾಗುತ್ತದೆ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ನಮ್ಮ ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ತನಿಖೆ ಮುಗಿದಾಗ, ಸಾಕಷ್ಟು ಪುರಾವೆ ದೊರೆತಿದ್ದರೆ, ಪೋಲೀಸರು ನ್ಯಾಯಾಲಯಕ್ಕೆ ಆರೋಪಪಟ್ಟಿಯನ್ನು ಸಲ್ಲಿಸುತ್ತಾರೆ. ದೊರೆಯದಿದ್ದರೆ ಹಾಗೆಂದು ತಿಳಿಸಿ ಅವನನ್ನು ಬಿಡಬೇಕು. ಬಂಧನದಲ್ಲಿರುವವನ ಮೇಲೆ ಆರೋಪಪಟ್ಟಿ ಸಲ್ಲಿಸಲು ಸಾಮಾನ್ಯ ಅಪರಾಧಗಳಲ್ಲಿ 60 ದಿನ, ಘೋರ ಅಪರಾಧಗಳಲ್ಲಿ 90 ದಿನಗಳ ಅವಧಿಯುಂಟು. ಅದು ಮೀರಿದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯ ಪ್ರಕರಣಗಳಲ್ಲಿ ಈ ಅವಧಿಯನ್ನು 180 ದಿನಗಳವರೆಗೆ ಬೆಳೆಸಬಹುದು. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದರೂ ಮೆಟ್ಟಿಲುಗಳ ಕ್ರಮ ಇದೇ.

ಇವುಗಳಲ್ಲಿ ದಸ್ತಗಿರಿಗೂ ಆರೋಪಪಟ್ಟಿಗೂ ನಡುವೆ ಇರುವ ಕಾಲವನ್ನು ವಿಶೇಷವಾಗಿ ಗಮನಿಸಬೇಕು. ಪತ್ರಿಕೆಗಳ ಹಸಿವು ಹೆಚ್ಚಾಗಿರುವುದು ಆಗಲೇ. ಕಾನೂನಿನ ಕಾವಲು ತೆಳ್ಳಗಿರುವುದೂ ಆಗಲೇ. ನ್ಯಾಯಾಲಯದಲ್ಲಿ ನಡೆಯುತ್ತಿರುವ ವ್ಯವಹಾರಕ್ಕೆ ಧಕ್ಕೆಯಾಗುವಂತೆ ಬರೆದರೆ ಅದು ನ್ಯಾಯಾಂಗ ನಿಂದನೆಯಾಗುತ್ತದೆಂಬುದು ಸರಿ. ಆದರೆ 1971ರ ನ್ಯಾಯಾಂಗ ನಿಂದನೆ ಕಾಯಿದೆಯ ಪ್ರಕಾರ ಕ್ರಿಮಿನಲ್ ಪ್ರಕರಣವೊಂದು ನ್ಯಾಯಾಲಯದಲ್ಲಿ ನಡೆಯುತ್ತಿದೆ ಎನ್ನುವುದು ಆರೋಪಪಟ್ಟಿ ಸಲ್ಲಿಕೆಯಾದಾಗ, ಅಥವಾ ನ್ಯಾಯಾಲಯವು ಸಮನ್ಸನ್ನೋ ವಾರಂಟನ್ನೋ ಹೊರಡಿಸಿದಾಗ. ಅದಕ್ಕೆ ಮೊದಲು ಬಂಧಿತನ ಮೇಲೆ ಎಷ್ಟು ಬರೆದರೂ ಆ ಕಾಯಿದೆಯ ಕೈ ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ಭಾರತದ ಕಾನೂನು ಆಯೋಗವು 2006ರಲ್ಲಿ ಕೊಟ್ಟ ತನ್ನ 200ನೆಯ ವರದಿಯಲ್ಲಿ ಈ ಲೋಪವನ್ನು ಎತ್ತಿ ತೋರಿಸಿ, ರಕ್ಷಣೆಯು ದಸ್ತಗಿರಿಯ ಕ್ಷಣದಿಂದಲೇ ಆರಂಭವಾಗಬೇಕೆಂದು ಶಿಫಾರಸು ಮಾಡಿತು. ದಸ್ತಗಿರಿಯಾದವನು 24 ಗಂಟೆಯೊಳಗೆ ನ್ಯಾಯಾಲಯದ ರಕ್ಷಣೆಗೆ ಬರುವವನಾದ್ದರಿಂದ ಅಂದಿನಿಂದಲೇ ಅವನ ಹಕ್ಕು ಕಾಯಬೇಕೆಂಬುದು ಅದರ ತರ್ಕ. ಆ ಶಿಫಾರಸು ಕಾಯಿದೆಯಾಗಲಿಲ್ಲ. ಮಾನನಷ್ಟದ ಮೊಕದ್ದಮೆ ಹೂಡಬಹುದಲ್ಲ ಎಂದು ಕೆಲವರು ಕೇಳಬಹುದು. ಹೂಡಬಹುದು. ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆ ಅದು ವರ್ಷಗಳ ಮೇಲೆ ಫಲ ಕೊಟ್ಟರೆ ಕೊಟ್ಟೀತು.

ಈ ನಡುವಣ ಕಾಲದಲ್ಲಿ ಏನಾಗಬಹುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ. 2012ರ ಆಗಸ್ಟ್ 29ರಂದು ಬೆಂಗಳೂರಿನ ಪೋಲೀಸರು ಬೆಂಗಳೂರು ಮತ್ತು ಹುಬ್ಬಳ್ಳಿಗಳಲ್ಲಿ ಹಲವು ಯುವಕರನ್ನು ದಸ್ತಗಿರಿ ಮಾಡಿದರು. ರಾಜಕೀಯ ಮುಖಂಡರನ್ನೂ ಪತ್ರಕರ್ತರನ್ನೂ ಕೊಲ್ಲಲು ಸಂಚು ಹೂಡಿದ್ದರೆಂಬುದು ಅವರ ಮೇಲಿನ ಶಂಕೆ. ಹಿಡಿಯಲ್ಪಟ್ಟವರಲ್ಲಿ ಒಬ್ಬರು ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಶಿಕ್ಷಣದ ಸುದ್ದಿಗಳನ್ನು ಬರೆಯುತ್ತಿದ್ದ ತರುಣ ವರದಿಗಾರ ಮುತೀಉರ್ ರಹಮಾನ್ ಸಿದ್ದೀಖಿ. ಮಾರನೆಯ ದಿನದಿಂದ ಅವರ ಹೆಸರು, ಚಿತ್ರ, ವಾಸದ ಮನೆ ಎಲ್ಲವೂ ಪತ್ರಿಕೆಗಳಲ್ಲಿ, ಟಿ.ವಿ. ವಾಹಿನಿಗಳಲ್ಲಿ ಬಂದವು. ಸಂಚಿನ ಸೂತ್ರಧಾರಿ ಅವರೇ ಎಂದು ಕೆಲವರು ಬರೆದರು. ನೆನ್ನೆಯವರೆಗೆ ಅವರೊಡನೆ ಒಂದೇ ವೃತ್ತಿಯಲ್ಲಿದ್ದವರೇ ಹೀಗೆ ಬರೆದದ್ದು ವಿಚಾರಾರ್ಹ. ಸುದ್ದಿಯ ಮೂಲವನ್ನು ಪರೀಕ್ಷಿಸಬೇಕೆಂಬುದು ಆ ವೃತ್ತಿಯ ಮೊದಲನೆಯ ಪಾಠವಲ್ಲವೇ?

ಪ್ರಕರಣವು ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಯಿತು. ಸಂಸ್ಥೆಯು ತನಿಖೆ ನಡೆಸಿ 2013ರ ಫೆಬ್ರವರಿಯಲ್ಲಿ ಆರೋಪಪಟ್ಟಿ ಸಲ್ಲಿಸಿದಾಗ ಅದರಲ್ಲಿ ಸಿದ್ದೀಖಿಯವರ ಹೆಸರೇ ಇರಲಿಲ್ಲ. ಅವರ ಮೇಲೆ ಪುರಾವೆ ಇಲ್ಲವೆಂದು ಆ ತಿಂಗಳಲ್ಲೇ ಅವರ ಬಿಡುಗಡೆಯಾಯಿತು. ಸುಮಾರು ಆರು ತಿಂಗಳು ಅವರು ಸೆರೆಯಲ್ಲಿದ್ದರು. ಹೊರಗೆ ಬಂದ ಮೇಲೆ ಅವರು ಮುಚ್ಚಿಟ್ಟುಕೊಳ್ಳದೆ ತಮ್ಮ ಅನುಭವವನ್ನು ಬಹಿರಂಗವಾಗಿ ಹೇಳಿದರು. ಪತ್ರಿಕೋದ್ಯಮದವರ ನಡತೆಯನ್ನು ಟೀಕಿಸಿದರು. ಆದುದರಿಂದಲೇ ಇಲ್ಲಿ ಅವರ ಹೆಸರನ್ನು ಬರೆದಿದೆ. ಬಂಧನದ ಸುದ್ದಿಯಲ್ಲಿ ಆ ಹೆಸರನ್ನು ಓದಿದವರು ಬಿಡುಗಡೆಯ ಸುದ್ದಿಯಲ್ಲಿಯೂ ಅದನ್ನು ಓದಬೇಕಾದುದು ನ್ಯಾಯ.

ಈ ಪ್ರಕರಣದ ಇನ್ನೊಂದು ಮುಖವನ್ನು ಮರೆಮಾಚಬಾರದು. ಅದೇ ವ್ಯವಹಾರದಲ್ಲಿ ಆರೋಪ ಹೊತ್ತ ಹಲವರು 2016ರಲ್ಲಿ ವಿಶೇಷ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆ ಹೊಂದಿದರು. ಅಂದರೆ ಪೋಲೀಸರ ಶಂಕೆ ಪೂರ್ಣವಾಗಿ ಹುಸಿಯಾಗಿರಲಿಲ್ಲ. ಅವರು ಬೀಸಿದ ಬಲೆಯಲ್ಲಿ ಬೀಳಬೇಕಾದವರೂ ಬಿದ್ದರು, ಬೀಳಬಾರದವರೂ ಬಿದ್ದರು. ಆಗಸ್ಟಿನ ಆ ದಿನ ಇವರಲ್ಲಿ ಯಾರು ಯಾರೆಂದು ಬೇರ್ಪಡಿಸಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಬೇರ್ಪಡಿಸುವ ಕೆಲಸಕ್ಕೇ ತನಿಖೆ ಎಂದು ಹೆಸರು. ಅದಕ್ಕೆ ಆರು ತಿಂಗಳು ಹಿಡಿಯಿತು. ಎಲ್ಲ ಹೆಸರುಗಳನ್ನೂ ಒಂದೇ ದಿನ, ಒಂದೇ ಅಕ್ಷರದ ಅಳತೆಯಲ್ಲಿ ಅಚ್ಚುಹಾಕಿದವರಿಗೆ ಒಂದೇ ರಾತ್ರಿ ಸಾಕಾಯಿತು.

ಎರಡನೆಯ ನಿದರ್ಶನದ ಕಥಾನಾಯಕರೂ ಬೆಂಗಳೂರಿನಲ್ಲಿ ವೈದ್ಯವಿದ್ಯೆ ಕಲಿತವರೇ; ಘಟನೆ ನಡೆದದ್ದು ಮಾತ್ರ ಸಮುದ್ರದಾಚೆ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ಉರಿಯುವ ಜೀಪನ್ನು ನುಗ್ಗಿಸಿ ಆಕ್ರಮಣ ನಡೆಯಿತು. ಆಕ್ರಮಣಕಾರರಲ್ಲಿ ಒಬ್ಬನ ದೂರದ ಸಂಬಂಧಿಯಾಗಿದ್ದ ಡಾಕ್ಟರ್ ಮಹಮದ್ ಹನೀಫರು ಆಗ ಆಸ್ಟ್ರೇಲಿಯಾದಲ್ಲಿ ವೈದ್ಯರಾಗಿದ್ದರು. ಜುಲೈ 2ರಂದು, ಭಾರತಕ್ಕೆ ಹೊರಟಿದ್ದ ಅವರನ್ನು ಬ್ರಿಸ್ಬೇನಿನ ವಿಮಾನ ನಿಲ್ದಾಣದಲ್ಲಿ ಹಿಡಿದರು. ಇಂಗ್ಲೆಂಡಿನಿಂದ ಬರುವಾಗ ತಮ್ಮ ಫೋನಿನ ಸಿಮ್ ಕಾರ್ಡನ್ನು ಆ ಸಂಬಂಧಿಯ ಸಹೋದರನಿಗೆ ಕೊಟ್ಟು ಬಂದದ್ದೇ ಅವರ ಮೇಲಿನ ಶಂಕೆಗೆ ಮೂಲ. 12 ದಿನ ಯಾವ ಆರೋಪವನ್ನೂ ಹೊರಿಸದೆ ಅವರನ್ನು ಇಟ್ಟುಕೊಂಡರು. ಆ ದಿನಗಳಲ್ಲಿ ಅವರ ಹೆಸರೂ ಮುಖವೂ ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿದವು.

ಜುಲೈ 14ರಂದು ಆರೋಪ ಹೊರಿಸಿದಾಗ, ಆ ಸಿಮ್ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿಯೇ ಸಿಕ್ಕಿತೆಂದು ಸರ್ಕಾರದ ವಕೀಲರು ನ್ಯಾಯಾಲಯಕ್ಕೆ ತಿಳಿಸಿದರು. ಅದು ನಿಜವಲ್ಲ, ಕಾರ್ಡು ಸಿಕ್ಕಿದ್ದು ಲಿವರ್‌ಪೂಲಿನಲ್ಲಿ, ಜೀಪಿನಿಂದ ನೂರಾರು ಮೈಲಿ ದೂರದಲ್ಲಿ. ಈ ತಪ್ಪನ್ನು ಹೊರಗೆಳೆದವರು ಯಾರೆಂದರೆ ಅಲ್ಲಿನ ಸುದ್ದಿಗಾರರೇ. ಪೋಲೀಸರು ಹನೀಫರನ್ನು ಪ್ರಶ್ನಿಸಿದ ವಿವರವನ್ನು ಅವರ ವಕೀಲರು ಪತ್ರಿಕೆಗೆ ಕೊಟ್ಟರು. ಪತ್ರಿಕೆ ಅದನ್ನು ಪ್ರಕಟಿಸಿತು. ಹೊರಗೆ ಹರಡಿದ್ದ ಮಾತಿಗೂ ಒಳಗಿನ ದಾಖಲೆಗೂ ಹೊಂದಿಕೆಯಿಲ್ಲವೆಂದು ಓದುಗರಿಗೆ ಗೊತ್ತಾಯಿತು. ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಎರಡು ದಿನಗಳಲ್ಲಿ ಅವರು ಬೆಂಗಳೂರಿಗೆ ಬಂದರು. ಮುಂದೆ ಜಾನ್ ಕ್ಲಾರ್ಕ್ ಎಂಬ ನಿವೃತ್ತ ನ್ಯಾಯಾಧೀಶರು ನಡೆಸಿದ ವಿಚಾರಣೆಯ ವರದಿಯು 2008ರಲ್ಲಿ ಪ್ರಕಟವಾಗಿ, ಆರೋಪ ಹೊರಿಸಿದ್ದೇ ತಪ್ಪೆಂದು ಹೇಳಿತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರ್ಕಾರವು ಅವರಿಗೆ ಪರಿಹಾರ ಕೊಟ್ಟು ಕ್ಷಮೆ ಕೇಳಿತು. ಪತ್ರಿಕೆಗಳು ಹೆಸರನ್ನು ಹರಡಿದವು, ಪತ್ರಿಕೆಗಳೇ ಸತ್ಯವನ್ನೂ ಹೊರತಂದವು. ಹೆಸರನ್ನು ಮಾತ್ರ ಪ್ರಕಟಿಸಿದುದಕ್ಕೂ ದಾಖಲೆಯನ್ನು ಪ್ರಕಟಿಸಿದುದಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ.

ನಮ್ಮಲ್ಲಿ ಒಂದು ಗಾದೆಯಿದೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆಗಳು ಅನುಭವದ ಸಾರವೆಂಬುದನ್ನು ಒಪ್ಪಿದರೂ ಈ ಒಂದನ್ನು ಪೂರ್ತಿಯಾಗಿ ಒಪ್ಪಲು ಮನಸ್ಸು ಹಿಂಜರಿಯುತ್ತದೆ. ನೂರು ಜನರ ನಡುವೆ ನಿಲ್ಲಿಸಿ ಕಳ್ಳನೆಂದು ಕೂಗಿದರೆ ಕದ್ದವನು ಮಾತ್ರ ಹೆಗಲು ಮುಟ್ಟಿಕೊಳ್ಳುತ್ತಾನೆಯೇ? ಕದಿಯದವನೂ ಬೆದರುತ್ತಾನೆ, ಬೆವರುತ್ತಾನೆ, ಮಾತು ತಡವರಿಸುತ್ತಾನೆ. ಪಳಗಿದ ಕಳ್ಳನ ಕೈ ಹೆಗಲ ಹತ್ತಿರಕ್ಕೂ ಹೋಗದು. ಟಿ.ವಿ.ಯಲ್ಲಿ ಮುಖ ಮುಚ್ಚಿಕೊಂಡು ವ್ಯಾನು ಹತ್ತುವವನನ್ನು ನೋಡಿ, ತಪ್ಪು ಮಾಡದಿದ್ದರೆ ಮುಖ ಏಕೆ ಮುಚ್ಚಿಕೊಳ್ಳಬೇಕು ಎನ್ನುವವರು ಈ ಗಾದೆಯನ್ನೇ ನ್ಯಾಯಶಾಸ್ತ್ರವನ್ನಾಗಿ ಮಾಡಿಕೊಂಡವರು. ಇದಕ್ಕಿಂತ ಮೇಲಾದ ಇನ್ನೊಂದು ಗಾದೆ ನಮ್ಮ ಹಿರಿಯರ ಬಾಯಲ್ಲಿಯೇ ಇದೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು.

ಮುಖವನ್ನು ಬಹಿರಂಗಪಡಿಸುವುದರಿಂದ ತನಿಖೆಗೇ ಆಗುವ ಹಾನಿಯನ್ನು ಹಲವರು ತಿಳಿದಿಲ್ಲ. ಕೃತ್ಯವನ್ನು ಕಂಡ ಸಾಕ್ಷಿಯ ಮುಂದೆ ಶಂಕಿತನನ್ನು ಅವನಂತೆಯೇ ಇರುವ ಹಲವರ ನಡುವೆ ನಿಲ್ಲಿಸಿ ಗುರುತು ಹಿಡಿಸುವ ಪರೇಡು ಒಂದು ಮುಖ್ಯ ಪರೀಕ್ಷೆ. ಸಾಕ್ಷಿಯು ಹಿಂದಿನ ರಾತ್ರಿಯೇ ಆ ಮುಖವನ್ನು ಟಿ.ವಿ.ಯಲ್ಲಿ ಕಂಡಿದ್ದರೆ ಅವನು ಗುರುತಿಸಿದ್ದು ಕೃತ್ಯದ ಸ್ಥಳದಲ್ಲಿ ಕಂಡವನನ್ನೋ ಟಿ.ವಿ.ಯಲ್ಲಿ ಕಂಡವನನ್ನೋ ಹೇಳಲಾಗದು. ಆಗ ನಿಜವಾದ ಅಪರಾಧಿಯೂ ನುಸುಳಿಕೊಳ್ಳಲು ದಾರಿಯಾಗುತ್ತದೆ.

ಇಷ್ಟನ್ನು ಓದಿದ ಪೋಷಕರಲ್ಲಿ ಕೆಲವರು ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಹೆಸರನ್ನು ಮುಚ್ಚಿಡುವುದು ಅಪಾಯವಲ್ಲವೇ? ಯಾರನ್ನು ಹಿಡಿದರೆಂಬುದನ್ನೇ ಹೇಳದಿದ್ದರೆ ಪೋಲೀಸರು ಯಾರನ್ನು ಬೇಕಾದರೂ ಹಿಡಿದು ಕತ್ತಲೆಯಲ್ಲಿ ಕೂಡಿಹಾಕಬಹುದಲ್ಲವೇ? ಈ ಮಾತು ಸತ್ಯ. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಡಿ. ಕೆ. ಬಸು ಪ್ರಕರಣದಲ್ಲಿ, ದಸ್ತಗಿರಿಯ ಪತ್ರವನ್ನು ಸ್ಥಳದಲ್ಲಿಯೇ ಬರೆದು ಸಾಕ್ಷಿಯ ಸಹಿ ಹಾಕಿಸಬೇಕೆಂದೂ ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕೆಂದೂ ವಿಧಿಸಿದ್ದು ಈ ಭಯದಿಂದಲೇ. ಬಂಧಿತರ ಹೆಸರು ವಿಳಾಸಗಳನ್ನೂ, ಅವರನ್ನು ಹಿಡಿದ ಅಧಿಕಾರಿಯ ಹೆಸರು ಹುದ್ದೆಗಳನ್ನೂ ಜಿಲ್ಲೆಯ ಪೋಲೀಸು ನಿಯಂತ್ರಣ ಕೊಠಡಿಯ ಹೊರಗೆ ಫಲಕದಲ್ಲಿ ತೋರಿಸಬೇಕೆಂಬ ನಿಯಮ 2010ರಿಂದ ಜಾರಿಗೆ ಬಂದಿತು. ಹೊಸ ಸಂಹಿತೆಯಲ್ಲಿಯೂ ಬಂಧಿತರ ವಿವರ ಪ್ರದರ್ಶಿಸುವ ವಿಧಿ ಇದೆ. ಸೂಕ್ಷ್ಮವಾದ ಪ್ರಕರಣಗಳನ್ನು ಬಿಟ್ಟು ಉಳಿದ ಪ್ರಥಮ ವರ್ತಮಾನ ವರದಿಗಳನ್ನು 24 ಗಂಟೆಯೊಳಗೆ ಪೋಲೀಸು ಇಲಾಖೆಯ ಜಾಲತಾಣದಲ್ಲಿ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2016ರಲ್ಲಿ ಆಜ್ಞಾಪಿಸಿತು.

ಹಾಗಾದರೆ ಕಾನೂನೇ ಹೆಸರನ್ನು ಹೊರಗಿಡುವಾಗ ಪತ್ರಿಕೆಯನ್ನು ದೂರುವುದೇಕೆ? ಫಲಕವನ್ನು ಎಚ್ಚರಿಕೆಯಿಂದ ನೋಡಿದರೆ ಉತ್ತರ ಸಿಗುತ್ತದೆ. ಅದರಲ್ಲಿ ಹಿಡಿದವನ ಹೆಸರೂ ಹಿಡಿಯಲ್ಪಟ್ಟವನ ಹೆಸರೂ ಒಟ್ಟಿಗೆ ಇರುತ್ತವೆ. ಹುಡುಕಿಕೊಂಡು ಬರುವ ತಾಯಿಗೆ, ಹೆಂಡತಿಗೆ, ವಕೀಲರಿಗೆ ಉಪಯೋಗವಾಗಲೆಂದು, ಅಧಿಕಾರಿಯು ಉತ್ತರ ಹೇಳುವಂತಾಗಲೆಂದು ಆ ಹೆಸರು ಅಲ್ಲಿದೆ. ಅದು ಬಂಧಿತನ ಕಾವಲಿಗೆ ನಿಂತ ಹೆಸರು. ಮುಖಪುಟದಲ್ಲಿ ‘ಸೂತ್ರಧಾರಿ ಸೆರೆ’ ಎಂಬ ತಲೆಬರಹದ ಕೆಳಗೆ ಬರುವುದು ಅದೇ ಹೆಸರಾದರೂ ಅದರ ಕೆಲಸ ಬೇರೆ. ಒಂದೇ ಹಗ್ಗ ಬಾವಿಗೆ ಬಿದ್ದವನನ್ನು ಮೇಲಕ್ಕೆತ್ತುತ್ತದೆ, ಕೊರಳಿಗೂ ಬೀಳುತ್ತದೆ. ತಲೆತಪ್ಪಿಸಿಕೊಂಡವನನ್ನು ಹಿಡಿಯಲು ನ್ಯಾಯಾಲಯದ ಆಜ್ಞೆಯಂತೆ ಹೆಸರು ಸಾರುವುದು, ಅಧಿಕಾರದಲ್ಲಿರುವ ಮಂತ್ರಿಯ ಮೇಲೆ ತನಿಖೆ ನಡೆಯುತ್ತಿದೆಯೆಂದು ಮತದಾರರಿಗೆ ತಿಳಿಸುವುದು, ಇವು ಆವಶ್ಯಕವೇ. ಸಾಮಾನ್ಯ ಕೂಲಿಕಾರನೊಬ್ಬನ ಹೆಸರನ್ನು ತಿಳಿಯುವುದರಿಂದ ನೂರು ಮೈಲಿ ದೂರದ ಓದುಗನಿಗೆ ಆಗುವ ಉಪಕಾರವೇನೆಂದು ಕೇಳಿಕೊಂಡರೆ ಬಹುಮಟ್ಟಿಗೆ ಉತ್ತರ ಬರುವುದಿಲ್ಲ.

ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಈ ವಿಚಾರದಲ್ಲಿ ಒಂದು ತೀರ್ಪು ಕೊಟ್ಟಿತು. ತನಿಖೆಗೆ ಗುರಿಯಾದ ವ್ಯಕ್ತಿಗೆ, ಆರೋಪ ಹೊರಿಸುವವರೆಗೆ, ಆ ಸಂಗತಿ ಬಹಿರಂಗವಾಗದೆಂದು ಸಾಮಾನ್ಯವಾಗಿ ನಿರೀಕ್ಷಿಸುವ ಹಕ್ಕುಂಟೆಂದು ಅದು ಹೇಳಿತು. ಸಂದೇಹವೊಂದೇ ಮಾನವನ್ನು ಕೆಡಿಸುತ್ತದೆ, ನಿರಪರಾಧಿಯೆಂಬ ಕಾನೂನಿನ ಊಹೆಯನ್ನು ಜನರು ಅನುಸರಿಸುವುದಿಲ್ಲ ಎಂಬುದನ್ನು ಆ ನ್ಯಾಯಾಧೀಶರು ಒಪ್ಪಿಕೊಂಡರು. ಆ ವ್ಯಾಜ್ಯ ಹೂಡಿದವರು ಯಾರೆಂಬುದು ತೀರ್ಪಿನಲ್ಲಿಯೂ ಇಲ್ಲ. ಮೂರು ಅಕ್ಷರಗಳು ಮಾತ್ರ ಇವೆ.

ಒಬ್ಬ ವ್ಯಕ್ತಿಯ ಮಾತಾಯಿತು. ಜನಾಂಗಕ್ಕೆ ಜನಾಂಗವನ್ನೇ ಹೆಸರು ಹಿಡಿದು ಶಂಕಿತರೆಂದು ಸಾರಿದ ಕಾಲವೂ ನಮ್ಮ ದೇಶದಲ್ಲಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಅನಂತಪುರ ಜಿಲ್ಲೆ ಆಗ ಸೇರಿದ್ದ ಮದ್ರಾಸು ಪ್ರಾಂತ್ಯಕ್ಕೆ ಅದು ವ್ಯಾಪಿಸಿದ್ದು 1911ರಲ್ಲಿ. ಒಂದು ಬುಡಕಟ್ಟನ್ನು ಹೀಗೆಂದು ಘೋಷಿಸಿದರೆ ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಕೊರಚ, ಎರುಕಲ ಮೊದಲಾದ, ಉಪ್ಪು ಧಾನ್ಯಗಳನ್ನು ಹೇರಿಕೊಂಡು ಊರಿಂದೂರಿಗೆ ವ್ಯಾಪಾರ ಮಾಡುತ್ತಿದ್ದ, ಬುಟ್ಟಿ ಹೆಣೆಯುತ್ತಿದ್ದ ಕುಲಗಳವರು ಠಾಣೆಯಲ್ಲಿ ಹೆಸರು ಬರೆಯಿಸಿ ಹಾಜರಿ ಕೊಡಬೇಕಾಯಿತು. ಅವರಲ್ಲಿ ಹುಟ್ಟಿದ ಕೂಸು ಏನು ಮಾಡಿತ್ತು? ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯಿದೆ ದೇಶದಿಂದ ತೊಲಗಿತು. ಕಾಯಿದೆ ಹೋದರೂ ಮಾತು ಹೋಗಲಿಲ್ಲ. ಊರಿನಲ್ಲಿ ಕಳವಾದರೆ ಇಂದಿಗೂ ಕೆಲವರ ಕಣ್ಣು ಮೊದಲು ಊರ ಹೊರಗಿನ ಗುಡಾರಗಳ ಕಡೆಗೆ ಹೊರಳುತ್ತದೆ. ಸುದ್ದಿಯಲ್ಲಿ ದುಷ್ಟರನ್ನು ‘ಕಿರಾತಕ’ರೆಂದು ಬರೆಯುವ ಅಭ್ಯಾಸವನ್ನೂ ಈ ಸಂದರ್ಭದಲ್ಲಿ ನೆನೆಯಬಹುದು, ಕಿರಾತರೆಂಬುದು ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜನರ ಹೆಸರು.

ಇನ್ನು ಫೋನಿನ ವಿಷಯ. ಪತ್ರಿಕೆಗೆ ಸಂಪಾದಕನೊಬ್ಬನಿದ್ದಾನೆ, ಅವನಿಗೆ ವಿಳಾಸವಿದೆ. ಫೋನಿನಲ್ಲಿ ಬಂದ ಚಿತ್ರವನ್ನು ಮುಂದಕ್ಕೆ ಕಳುಹಿಸುವವನು ತಾನು ಏನನ್ನೂ ಹೇಳಲಿಲ್ಲವೆಂದು ತಿಳಿದಿರುತ್ತಾನೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂದು ಗುಮಾನಿ ಹುಟ್ಟಿತು. ಜನರು ಸುತ್ತುವರಿದಾಗ ಅವರು ಹೆದರಿ ಕಾರು ಹತ್ತಿ ಹೊರಟರು. ಅವರ ಚಿತ್ರಗಳು ವಾಟ್ಸಾಪಿನ ಮೂಲಕ ಅವರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿದ್ದವು. ಅಲ್ಲಿ ರಸ್ತೆಯನ್ನು ಅಡ್ಡಗಟ್ಟಿದರು. ಕಾರು ಉರುಳಿತು, ಜನರು ಅವರನ್ನು ಹೊರಗೆಳೆದು ಹೊಡೆದರು, ತರುಣ ಇಂಜಿನಿಯರೊಬ್ಬರು ಸತ್ತರು. ತಡೆಯಲು ಬಂದ ಪೋಲೀಸರಿಗೂ ಪೆಟ್ಟಾಯಿತು. ಅವರು ಮಕ್ಕಳ ಕಳ್ಳರಾಗಿರಲಿಲ್ಲ. ಆ ಚಿತ್ರಗಳನ್ನು ಕಳುಹಿಸಿದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳ ಮೇಲಿನ ಮಮತೆಯಿಂದಲೇ ಕಳುಹಿಸಿದ್ದಿರಬೇಕು. ಮಕ್ಕಳ ವಿಷಯದಲ್ಲಿ ಅನುಮಾನ ಬಂದರೆ ಸುಮ್ಮನಿರಬೇಕೆಂದು ಯಾರೂ ಹೇಳಲಾರರು. ಆಗ ತಿಳಿಸಬೇಕಾದುದು ಠಾಣೆಗೆ, ಮುಖ್ಯೋಪಾಧ್ಯಾಯರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ. ಅಲ್ಲಿ ಅಗತ್ಯವಾಗಿ ಹೆಸರನ್ನೇ ಹೇಳಬೇಕು.

ಮಕ್ಕಳ ಮೇಲೆಯೇ ಗುಮಾನಿ ಬಂದರೆ? ಇಲ್ಲಿ ಕಾನೂನು ಬಹಳ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣದಂತೆ, ಅಪರಾಧದ ಆಪಾದನೆಗೆ ಒಳಗಾದ, ಅಪರಾಧಕ್ಕೆ ತುತ್ತಾದ, ಅಥವಾ ಸಾಕ್ಷಿಯಾದ 18 ವರ್ಷದೊಳಗಿನವರ ಹೆಸರು, ವಿಳಾಸ, ಶಾಲೆ, ಚಿತ್ರ, ಇವುಗಳಲ್ಲಿ ಯಾವುದನ್ನೂ ಪ್ರಕಟಿಸಬಾರದು. ಉಲ್ಲಂಘಿಸಿದವರಿಗೆ ಸೆರೆವಾಸ, ದಂಡಗಳುಂಟು. ಶಾಲೆಯ ಹೆಸರನ್ನು ಸಹ ಸೇರಿಸಿದ ಕಾನೂನುಕಾರರ ಜಾಣ್ಮೆಯನ್ನು ಮೆಚ್ಚಬೇಕು. ಚಿಕ್ಕ ಊರಿನಲ್ಲಿ ಶಾಲೆಯ ಹೆಸರು, ತರಗತಿ, ತಂದೆಯ ಕಸುಬು, ಈ ಮೂರನ್ನು ಹೇಳಿದರೆ ಹುಡುಗನ ಹೆಸರನ್ನು ಹೇಳಿದಂತೆಯೇ ಸರಿ. ತರಗತಿಯಲ್ಲಿ ಕೊಡೆಯೋ ಹಣವೋ ಕಾಣೆಯಾದಾಗ ಎಲ್ಲರೆದುರಿಗೆ ಒಬ್ಬನ ಚೀಲವನ್ನು ಮಾತ್ರ ಶೋಧಿಸುವ ಉಪಾಧ್ಯಾಯರು ಒಂದು ಹೆಸರನ್ನು ಪ್ರಕಟಿಸಿದಂತೆಯೇ ಆಗುತ್ತದೆ. ಕೊಡೆ ಸಂಜೆ ಬೇರೆ ಮೂಲೆಯಲ್ಲಿ ಸಿಕ್ಕಬಹುದು. ಆ ಹುಡುಗನಿಗೆ ಬಿದ್ದ ಅಡ್ಡಹೆಸರು ಹತ್ತನೆಯ ತರಗತಿ ಮುಗಿಯುವವರೆಗೂ ಉಳಿಯುತ್ತದೆ.

2023ರ ಸೆಪ್ಟೆಂಬರ್ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ಪೋಲೀಸರು ಪತ್ರಕರ್ತರಿಗೆ ಏನನ್ನು, ಯಾವಾಗ, ಎಷ್ಟು ಹೇಳಬೇಕೆಂಬುದರ ಬಗ್ಗೆ ಮೂರು ತಿಂಗಳಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸಬೇಕೆಂದು ಕೇಂದ್ರದ ಗೃಹ ಇಲಾಖೆಗೆ ಸೂಚಿಸಿತು. ಕೈಪಿಡಿ ಪೋಲೀಸರ ಬಾಯಿಗೆ ಸಂಬಂಧಪಟ್ಟದ್ದು. ನಮ್ಮ ಕೈಗೆ ಸಂಬಂಧಪಟ್ಟ ಸಣ್ಣ ಅಭ್ಯಾಸವೊಂದನ್ನು ಇಲ್ಲಿ ಕೊಡುತ್ತೇವೆ.

ಕೆಳಗಿನದು ಅಭ್ಯಾಸಕ್ಕಾಗಿ ಕಲ್ಪಿಸಿದ ಸುದ್ದಿ. “ಸಂತೆಯಲ್ಲಿ ಕುರಿ ಕದಿಯುತ್ತಿದ್ದ ಖದೀಮ ಕೊನೆಗೂ ಬಲೆಗೆ. ಇಂಥ ಊರಿನ ಇಂಥವರ ಮಗ ಇಂಥವನು ಬಹುಕಾಲದಿಂದ ಕೈಚಳಕ ತೋರಿಸುತ್ತಿದ್ದು, ಪೋಲೀಸರು ಅವನ ಹೆಡೆಮುರಿ ಕಟ್ಟಿದ್ದಾರೆ.” ಇದನ್ನೇ ಹೀಗೆ ಬರೆಯಬಹುದು: “ಸಂತೆಯಲ್ಲಿ ಕುರಿಗಳು ಕಳುವಾದ ಬಗ್ಗೆ ಬಂದ ದೂರಿನ ಮೇಲೆ ಪೋಲೀಸರು ಒಬ್ಬನನ್ನು ದಸ್ತಗಿರಿ ಮಾಡಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದಾರೆ. ತನಿಖೆ ನಡೆಯುತ್ತಿದೆ.” ಸುದ್ದಿಯಲ್ಲಿ ಓದುಗನಿಗೆ ಬೇಕಾದುದು ಯಾವುದು ಕಡಿಮೆಯಾಯಿತೆಂದು ವಿದ್ಯಾರ್ಥಿಗಳು ಮನೆಯಲ್ಲಿ ತಂದೆತಾಯಿಗಳೊಡನೆ ಚರ್ಚಿಸಲಿ. ಬಳಿಕ ಕನ್ನಡದ ಒಂದು ಪತ್ರಿಕೆಯನ್ನೂ ತೆಲುಗಿನ ಒಂದು ಪತ್ರಿಕೆಯನ್ನೂ ಒಂದು ವಾರ ಇಟ್ಟುಕೊಂಡು, ಆರೋಪಪಟ್ಟಿಗೆ ಮುಂಚೆಯೇ ಹೆಸರು ಬಂದ ಸುದ್ದಿಗಳೆಷ್ಟು, ಅವುಗಳಲ್ಲಿ ಶಂಕಿತ, ಆರೋಪಿ, ಕಳ್ಳ, ಖದೀಮ ಎಂಬ ಮಾತುಗಳು ಎಲ್ಲೆಲ್ಲಿ ಬಂದಿವೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಲಿ. ಹೆಸರುಗಳನ್ನು ಬರೆದುಕೊಳ್ಳುವುದು ಬೇಡ, ದಿನಾಂಕ ಮತ್ತು ಪುಟದ ಸಂಖ್ಯೆ ಸಾಕು. ಆರು ತಿಂಗಳ ಮೇಲೆ ಅವೇ ಪ್ರಕರಣಗಳ ಮುಂದಿನ ಸುದ್ದಿ ಬಂದಿದೆಯೇ, ಬಂದಿದ್ದರೆ ಎಷ್ಟನೆಯ ಪುಟದಲ್ಲಿ, ಎಷ್ಟು ಸಾಲು ಎಂಬುದನ್ನು ಅದರ ಪಕ್ಕದಲ್ಲಿಯೇ ತುಂಬಲು ಜಾಗ ಬಿಟ್ಟಿರಲಿ.